ಶಾಲೆಯಲ್ಲಿ ಹೆಂಗಸರಿಗೆ 11 ನಿಯಮ, ಗಂಡಸರಿಗೆ ಒಂದೇ ಸಾಲು. ನಿಮ್ಮ ಕೆಲಸದ ಜಾಗದಲ್ಲಿ ಹೇಗಿದೆ?

ವಿಜ್ಞಾನದ ಮಿಸ್, ದಾವಣಗೆರೆ ಕಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. 7 ವರ್ಷ ಆಯ್ತು. ಇಷ್ಟು ದಿನ ಸೋಮವಾರ ಮತ್ತು ಕಾರ್ಯಕ್ರಮದ ದಿನ ಸೀರೆ, ಉಳಿದ ದಿನ ಚೂಡಿದಾರ್ ನಡೆಯುತ್ತಿತ್ತು. ಯಾರಿಗೂ ತೊಂದರೆ ಇರಲಿಲ್ಲ. ಈ ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ದಿನವೇ ಸ್ಟಾಫ್ ರೂಮಿನ ಬೋರ್ಡಿಗೆ ಸುತ್ತೋಲೆ ಅಂಟಿಸಿದರು. ಮಹಿಳಾ ಸಿಬ್ಬಂದಿ ಪ್ರತಿದಿನ ಸೀರೆ ಉಡಬೇಕು. ಸೆರಗಿಗೆ ನೆರಿಗೆ ಹಿಡಿದು ಪಿನ್ ಹಾಕಿರಬೇಕು. ಕೂದಲು ಬಿಡುವಂತಿಲ್ಲ. ರವಿಕೆ ತೋಳು ಮೊಣಕೈ ಹತ್ತಿರ ಬರಬೇಕು. ಬುಧವಾರಕ್ಕೆ ಶಾಲೆಯ ಯೂನಿಫಾರ್ಮ್ ಸೀರೆ, ಅದರ ದುಡ್ಡು ನಮ್ಮದೇ. ಕೊನೆಗೆ ‘ಮುಖದಲ್ಲಿ ಲವಲವಿಕೆ ಕಾಣಬೇಕು’ ಅಂತ ಒಂದು. ಒಟ್ಟು 11 ಅಂಶ. ಗಂಡಸರಿಗೆ ಒಂದೇ ಸಾಲು: ಫಾರ್ಮಲ್ ಉಡುಪು ಧರಿಸಬೇಕು.

ಸೀರೆ ಅಂದರೆ ನನಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈ ಮಾತು ಎತ್ತಿದ ಕೂಡಲೇ ‘ಈಗಿನವರಿಗೆ ಸೀರೆ ಬೇಡ’ ಅಂತ ಶುರು ಮಾಡುತ್ತಾರೆ. ಅಮ್ಮನ ಇಳಕಲ್ ಸೀರೆ ಇವತ್ತಿಗೂ ನನ್ನ ಬೀರುವಿನಲ್ಲಿ ಎಲ್ಲದಕ್ಕಿಂತ ಮೇಲಿದೆ. ಆದರೆ ನಮ್ಮ ಮನೆಯಿಂದ ಶಾಲೆ 19 ಕಿಲೋಮೀಟರ್. ಸ್ಕೂಟರ್‌ನಲ್ಲಿ ಹೋಗುತ್ತೇನೆ. ಹೈವೇ ಗಾಳಿ, ಲಾರಿ, ಮಳೆ. ಬೈಕಿನ ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಇರಬೇಕು ಅಂತ 1989ರ ಮೋಟಾರು ವಾಹನ ನಿಯಮದಲ್ಲೇ ಇದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕಬಾರದು ಅಂತ ತಾನೇ ಅದನ್ನು ಮಾಡಿದ್ದು? ನಾನು ಗಾಡಿ ಓಡಿಸುವವಳು. ನನ್ನ ಸೆರಗನ್ನು ನಾನೇ ನೋಡಿಕೊಳ್ಳಬೇಕು, ರಸ್ತೆಯನ್ನೂ ನಾನೇ ನೋಡಬೇಕು.

ಅದಕ್ಕೆ ಈಗ ಏನು ಮಾಡುತ್ತಿದ್ದೇವೆ ಅಂದರೆ, ದೂರದಿಂದ ಬರುವ ನಾಲ್ವರು ಚೂಡಿದಾರ್ ಹಾಕಿಕೊಂಡು ಬರುತ್ತೇವೆ. ಲ್ಯಾಬ್ ಪಕ್ಕದ ಸ್ಟೋರ್ ರೂಮಿನಲ್ಲಿ ಸೀರೆ ಉಡುತ್ತೇವೆ. ಭೂಪಟಗಳ ಸ್ಟ್ಯಾಂಡು, ಗಾಳಿ ಹೋದ ವಾಲಿಬಾಲು, ಕಾಲು ಮುರಿದ ಬೆಂಚು. ಬಾಗಿಲಿಗೆ ಚಿಲಕ ಇಲ್ಲ. ಒಬ್ಬರು ಬಾಗಿಲಿಗೆ ಬೆನ್ನು ಒತ್ತಿಕೊಂಡು ನಿಲ್ಲುತ್ತಾರೆ, ಮೂವರು ಬಾಯಲ್ಲಿ ಪಿನ್ನು ಕಚ್ಚಿಕೊಂಡು ನೆರಿಗೆ ಹಿಡಿಯುತ್ತಾರೆ. ಕೆಳಗಿನ ನೆರಿಗೆ ಒಬ್ಬರಿಗೊಬ್ಬರು ಕೂತು ಸರಿ ಮಾಡಬೇಕು, ಅಷ್ಟರಲ್ಲಿ ಫಾಲ್‌ಗೆಲ್ಲ ನೆಲದ ಧೂಳು ಮೆತ್ತಿರುತ್ತದೆ. 8:50ಕ್ಕೆ ಪ್ರಾರ್ಥನೆ ಗಂಟೆ. ಒಂದು ದಿನ ಅಟೆಂಡರ್ ಗೊತ್ತಿಲ್ಲದೆ ಬಾಗಿಲು ತಳ್ಳಿಬಿಟ್ಟರು. ಪಾಪ, ಅವರೇ ಹೆದರಿ ಓಡಿದರು. ನಮ್ಮ ಸಮಾಜದ ಮಿಸ್ ಅವತ್ತು ಇಡೀ ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಕಳೆದ ವಾರ ನನ್ನ ಮಗುವಿಗೆ ಜ್ವರ. ರಾತ್ರಿ ನಿದ್ದೆ ಇರಲಿಲ್ಲ. ಬೆಳಗ್ಗೆ ಪ್ರಾರ್ಥನೆ ಸಾಲಿನಲ್ಲಿ, ಎಂಟನೇ ತರಗತಿ ಮಕ್ಕಳ ಎದುರಿಗೆ, ಆಡಳಿತ ಮಂಡಳಿಯವರೊಬ್ಬರು ‘ಮಿಸ್, ಮುಖ ತೊಳೆದು ಸ್ವಲ್ಪ ಫ್ರೆಶ್ ಆಗಿ ಬನ್ನಿ’ ಅಂದರು. ಹೋಗಿ ಮುಖ ತೊಳೆದೆ. ನಲ್ಲಿ ಮುಂದೆ ನಿಂತು ಅತ್ತೆ ಕೂಡ.

ಕೆಲಸ ಬಿಡುವ ಹಾಗಿಲ್ಲ. ಸುಮ್ನೆ ಇರುವುದಕ್ಕೂ ಆಗುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಇಂಥದ್ದನ್ನು ಬದಲಾಯಿಸಿದ್ದೀರಾ? ಹೇಗೆ?

ಗಣಿತದ ಮೇಷ್ಟ್ರು, ಹಾಸನ

ಮೇಡಂ, ನಿಮ್ಮ ಬರಹ ಓದಿ ನಮ್ಮ ಮನೆಯಲ್ಲಿ ಲೆಕ್ಕ ಹಾಕಿದೆ. ನನ್ನ ಹೆಂಡತಿಯೂ ಟೀಚರ್, ಬೇರೆ ಶಾಲೆ. ನನ್ನ ಹತ್ತಿರ 4 ಪ್ಯಾಂಟು, 6 ಅಂಗಿ, ಒಂದು ಜೊತೆ ಶೂ. ಇದರಲ್ಲೇ ಎರಡು ವರ್ಷ ಕಳೆದಿದ್ದೇನೆ, ಯಾರೂ ಕೇಳಿಲ್ಲ. ಬೆಳಗ್ಗೆ ಸ್ನಾನ ಮುಗಿದ ಮೇಲೆ ರೆಡಿ ಆಗಲು ನನಗೆ 7 ನಿಮಿಷ.

ಅವಳದ್ದು ಕೇಳಿ. ಸೀರೆ, ಫಾಲ್, ಝಿಗ್‌ಝಾಗ್, ಲೈನಿಂಗ್ ಹಾಕಿದ ರವಿಕೆ ಹೊಲಿಗೆ, ಒಳಲಂಗ. ಸೀರೆ 600 ರೂಪಾಯಿದ್ದಾದರೂ ಉಡುವ ಹೊತ್ತಿಗೆ 1,300 ದಾಟುತ್ತದೆ. ಅದೇ ಸೀರೆ ವಾರದಲ್ಲಿ ಎರಡು ಸಲ ಉಟ್ಟರೆ ಮಕ್ಕಳೇ ‘ಮಿಸ್, ಇದು ಸೋಮವಾರದ್ದು’ ಅನ್ನುತ್ತಾರಂತೆ. ನನ್ನ ನೀಲಿ ಅಂಗಿಯನ್ನು ಯಾವ ಮಗುವೂ ನೆನಪು ಇಟ್ಟುಕೊಂಡಿಲ್ಲ. ನಾವಿಬ್ಬರೂ ಹೆಚ್ಚು ಕಡಿಮೆ ಒಂದೇ ಸಂಬಳದವರು. 14 ವರ್ಷ ಒಂದೇ ಮನೆಯಲ್ಲಿದ್ದೂ ಈ ಲೆಕ್ಕವನ್ನು ನಾನು ಇವತ್ತೇ ಮೊದಲು ಮಾಡಿದ್ದು. ಬೇಜಾರಾಯ್ತು.

ನಿವೃತ್ತ ಎಚ್.ಎಂ., ಮೈಸೂರು

ಮಗಳೇ, ಸ್ಟೋರ್ ರೂಮಿನ ವಿಷಯ ಓದಿ ಸಂಕಟ ಆಯ್ತು. ಅದು ಖಂಡಿತ ತಪ್ಪು. ಆದರೆ ಸೀರೆ ಬಗ್ಗೆ ನನ್ನದೂ ಒಂದು ಮಾತಿದೆ.

ನಾನು 34 ವರ್ಷ ಸೀರೆ ಉಟ್ಟೇ ಪಾಠ ಮಾಡಿದೆ. 22ನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಹತ್ತನೇ ತರಗತಿ ಹುಡುಗರು ನನಗಿಂತ ಎತ್ತರ ಇದ್ದರು. ಸೀರೆ ಉಟ್ಟು ಒಳಗೆ ಹೋದರೆ ಎದ್ದು ನಿಲ್ಲುತ್ತಿದ್ದರು. ಆ ವಯಸ್ಸಿನಲ್ಲಿ ನನಗೆ ಅದು ಧೈರ್ಯ ಕೊಟ್ಟಿತು. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟ ದಿನ ನನ್ನ ದನಿಯೇ ಬೇರೆ ಇರುತ್ತಿತ್ತು. 2014ರಲ್ಲಿ ಮಂಗಳಯಾನ ಕಕ್ಷೆ ಸೇರಿದ ದಿನ ಬೆಂಗಳೂರಿನ ಇಸ್ರೋದಲ್ಲಿ ಸೀರೆ ಉಟ್ಟು, ಹೂ ಮುಡಿದ ಹೆಂಗಸರು ಅಪ್ಪಿಕೊಂಡು ಸಂಭ್ರಮಿಸಿದ ಫೋಟೊ ನೋಡಿಲ್ವಾ? ಅದನ್ನು ಕತ್ತರಿಸಿ ನಮ್ಮ ಶಾಲೆಯ ಬೋರ್ಡಿಗೆ ಅಂಟಿಸಿದ್ದೆ. ಸೀರೆ ಅಂದರೆ ಅಡ್ಡಿ ಅನ್ನುವ ಹಾಗೆ ಮಾತಾಡಬೇಡಿ, ಅಷ್ಟೇ ನನ್ನ ಕೋರಿಕೆ.

ವಿಜ್ಞಾನದ ಮಿಸ್, ದಾವಣಗೆರೆ ಕಡೆ

ಮೇಡಂ, ಆ ಫೋಟೊ ನನ್ನ ತರಗತಿಯಲ್ಲೂ ಇದೆ. ಹುಡುಗಿಯರಿಗೆ ತೋರಿಸುತ್ತೇನೆ. ನಿಮ್ಮ ಮಾತಿಗೆ ನನ್ನ ವಿರೋಧ ಇಲ್ಲ. ಒಂದು ಕೇಳಲಾ? ನಿಮ್ಮ ಶಾಲೆ ಮನೆಯಿಂದ ಎಷ್ಟು ದೂರ ಇತ್ತು?

ನಿವೃತ್ತ ಎಚ್.ಎಂ., ಮೈಸೂರು

ನಡೆದುಕೊಂಡು 10 ನಿಮಿಷ. ನೀನು ಯಾಕೆ ಕೇಳಿದೆ ಅಂತ ಅರ್ಥ ಆಯ್ತು. ಮನೆಯಲ್ಲಿ ಅತ್ತೆ ಇದ್ದರು, ಅಡುಗೆ ಅವರೇ ಮಾಡುತ್ತಿದ್ದರು. ನೀನು ತಿಂಡಿ ಮಾಡಿ, ಡಬ್ಬಿ ಕಟ್ಟಿ, ಮಗು ಬಿಟ್ಟು, 19 ಕಿಲೋಮೀಟರ್ ಗಾಡಿ ಓಡಿಸಿ ಬರುತ್ತೀಯ. ಅದನ್ನು ನಾನು ಯೋಚಿಸಿರಲಿಲ್ಲ.

ಮಗ್ಗದ ಮನೆಯವಳು, ಬಾಗಲಕೋಟೆ ಜಿಲ್ಲೆ

ನಮ್ಮಪ್ಪ ನೇಕಾರರು. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು, ಅಂದರೆ ಉದ್ದುದ್ದ ಎಳೆ, ಇರುತ್ತದೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಚಿಕ್ಕವಳಿದ್ದಾಗ ಅವ್ವನ ಪಕ್ಕ ಕೂತು ಆ ಕೆಲಸ ಮಾಡಿದ್ದೇನೆ, ಬೆರಳ ತುದಿ ಉರಿಯುತ್ತಿತ್ತು. ಅದಕ್ಕೇ ಸೀರೆ ಹೆಸರಿನಲ್ಲಿ ನಡೆಯುವ ಈ ಕೆಲಸ ನೋಡಿದರೆ ನನಗೆ ಜಾಸ್ತಿ ಸಿಟ್ಟು ಬರುತ್ತದೆ. ನಾನು ಕೆಲಸ ಮಾಡುವ ಶಾಲೆಯಲ್ಲೂ ಯೂನಿಫಾರ್ಮ್ ಸೀರೆ ಇದೆ. ‘ನಮ್ಮ ಸಂಸ್ಕೃತಿ’ ಅಂತ ಸಭೆಯಲ್ಲಿ ಅರ್ಧ ಗಂಟೆ ಭಾಷಣ ಆಯ್ತು. ತರಿಸಿದ್ದು ಸೂರತ್‌ನ ಪಾಲಿಯೆಸ್ಟರ್, ಒಂದೇ ಸಲಕ್ಕೆ 40 ಪೀಸು. ಏಪ್ರಿಲ್ ಬಿಸಿಲಿಗೆ ಮೈಗೆ ಅಂಟಿಕೊಳ್ಳುತ್ತದೆ, ಬೆವರು ಹೀರುವುದಿಲ್ಲ. ನಮ್ಮೂರಿನ ಮಗ್ಗದಿಂದ ಒಂದು ಸೀರೆಯನ್ನೂ ತಗೊಳ್ಳಲಿಲ್ಲ. ಕೇಳಿದೆ. ರೇಟು ಜಾಸ್ತಿ ಅಂದರು.

ಶೋರೂಂ ಕೌಂಟರ್, ಬೆಂಗಳೂರು

ಅಕ್ಕ, ನಿಮ್ಮ ಸುತ್ತೋಲೆಯ ಕೊನೆ ಅಂಶ ಇದೆಯಲ್ಲ, ಮುಖದ ಲವಲವಿಕೆ, ನಮ್ಮ ಕೆಲಸದಲ್ಲಿ ಅದೇ ಮೊದಲನೆಯದು. ನಾನು ಒಂದು ದೊಡ್ಡ ಆಭರಣದ ಅಂಗಡಿಯಲ್ಲಿದ್ದೇನೆ. ಬೆಳಗ್ಗೆ 10ಕ್ಕೆ ಒಳಗೆ ಹೋಗುವ ಮುಂಚೆ ಸೂಪರ್‌ವೈಸರ್ ಸಾಲಾಗಿ ನಿಲ್ಲಿಸಿ ನೋಡುತ್ತಾರೆ. ಫೌಂಡೇಶನ್, ಕಾಡಿಗೆ, ಲಿಪ್‌ಸ್ಟಿಕ್, ಉಗುರು, ಹಿಮ್ಮಡಿ ಎತ್ತರದ ಚಪ್ಪಲಿ. ಎಲ್ಲಾ ನಮ್ಮ ಸಂಬಳದಲ್ಲೇ. ತಿಂಗಳಿಗೆ ಕಡಿಮೆ ಅಂದ್ರೂ 900 ರೂಪಾಯಿ ಮುಖಕ್ಕೆ ಹೋಗುತ್ತದೆ. ರಾತ್ರಿ ಎಂಟೂವರೆವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ, ಸ್ಟೂಲೇ ಇಟ್ಟಿಲ್ಲ. ಮನೆಗೆ ಹೋಗಿ ಬಿಸಿನೀರಿನ ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಊಟ ಮಾಡುತ್ತೇನೆ.

ಇನ್ನೊಂದು ಹೇಳಬೇಕು. ನನ್ನ ಜೊತೆ ಸೇರಿದ ಹುಡುಗಿ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ಹಳ್ಳಿ ಗಿರಾಕಿಗಳು ಬಂದರೆ ಅವಳೇ ಬೇಕು. ಬಣ್ಣ ಸ್ವಲ್ಪ ಕಪ್ಪು. ಅವಳನ್ನು ಮುಂದಿನ ಕೌಂಟರ್‌ಗೆ ಹಾಕಲೇ ಇಲ್ಲ. ಟ್ಯಾಗ್ ಕಟ್ಟುವ ಒಳಗಿನ ರೂಮಿಗೆ ಕಳಿಸಿದರು. ಅಲ್ಲಿ ಇನ್ಸೆಂಟಿವ್ ಇಲ್ಲ. ಯಾರೂ ಬಾಯಿಬಿಟ್ಟು ಕಾರಣ ಹೇಳಲಿಲ್ಲ, ಅವಳಿಗೂ ಹೇಳಬೇಕಾಗಿರಲಿಲ್ಲ. ನಾನು ಮೊನ್ನೆ ಲಿಪ್‌ಸ್ಟಿಕ್ ಮರೆತಾಗ ಅವಳೇ ತನ್ನದನ್ನು ಕೊಟ್ಟಳು.

ಕಾಸರಗೋಡಿನ ಟೀಚರ್

ನಾನು ಕನ್ನಡ ಮಾಧ್ಯಮದ ಟೀಚರ್, ಗಡಿಯ ಈ ಕಡೆ, ಕೇರಳದಲ್ಲಿ. ಶೋರೂಂ ತಂಗಿ, ನಿಮಗೆ ಮೊದಲು ಹೇಳುತ್ತೇನೆ. ಕೇರಳದಲ್ಲಿ 2018ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಅಂಗಡಿ ಕೆಲಸದವರಿಗೆ ಕೂರಲು ವ್ಯವಸ್ಥೆ ಇರಬೇಕು ಅಂತ ಸೇರಿಸಿದರು. ಸರ್ಕಾರ ತಾನಾಗಿ ಕೊಟ್ಟಿದ್ದಲ್ಲ. ಕೋಝಿಕ್ಕೋಡ್‌ನಲ್ಲಿ ಟೈಲರಿಂಗ್ ಮಾಡುತ್ತಿದ್ದ ವಿಜಿ ಮತ್ತು ಅವರ ‘ಪೆಣ್‌ಕೂಟ್ಟ್’ ಸಂಘಟನೆಯ ಹೆಂಗಸರು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಕೇಳಿದ್ದು. ಅವರು ಮೊದಲು ಹೋರಾಡಿದ್ದು ಅಂಗಡಿ ಹೆಂಗಸರಿಗೆ ಶೌಚಾಲಯ ಬೇಕು ಅಂತ. ಆಮೇಲೆ ಕೂರುವ ಹಕ್ಕು. 2021ರಲ್ಲಿ ತಮಿಳುನಾಡೂ ಇಂಥದ್ದೇ ಕಾನೂನು ಮಾಡಿತು. ಅಂದರೆ ಕರ್ನಾಟಕದ ಎರಡು ನೆರೆ ರಾಜ್ಯಗಳಲ್ಲಿ ಇದೆ.

ಇನ್ನು ಟೀಚರ್‌ಗಳ ವಿಷಯ. ನನ್ನ ಮೊದಲ ಶಾಲೆಯಲ್ಲಿ ಸೀರೆ ಸಾಲದು ಅಂತ ಅದರ ಮೇಲೆ ಒಂದು ಕೋಟು ಹಾಕಿಸುತ್ತಿದ್ದರು. ಸೀರೆ ಉಟ್ಟರೆ ಹೊಟ್ಟೆ ಕಾಣುತ್ತದೆ ಅಂತ ಕೋಟು, ಚೂಡಿದಾರ್ ಹಾಕಿದರೆ ಗೌರವ ಇಲ್ಲ ಅಂತ ಸೀರೆ. ಕರಾವಳಿಯ ಸೆಕೆಯಲ್ಲಿ ಮೂರು ಪದರ ಬಟ್ಟೆ ಹಾಕಿ ಪಾಠ ಮಾಡಿದ್ದೇನೆ. 2021ರ ನವೆಂಬರ್‌ನಲ್ಲಿ ಕೇರಳದ ಉನ್ನತ ಶಿಕ್ಷಣ ಇಲಾಖೆ, ಕಾಲೇಜಿನ ಅಧ್ಯಾಪಕಿಯರಿಗೆ ಸೀರೆಯನ್ನೇ ಉಡಿ ಅಂತ ಯಾವ ಸಂಸ್ಥೆಯೂ ಒತ್ತಾಯ ಮಾಡುವಂತಿಲ್ಲ ಅಂತ ಆದೇಶ ಹೊರಡಿಸಿತು. ಆಗಿನ ಸಚಿವೆ ಆರ್. ಬಿಂದು ಅವರೇ ಕಾಲೇಜಿನಲ್ಲಿ ಪಾಠ ಮಾಡಿದವರು, ತಾನೂ ಚೂಡಿದಾರ್ ಹಾಕಿಯೇ ಹೋಗುತ್ತಿದ್ದೆ ಅಂದರು. ಆ ಆದೇಶ ಕಾಲೇಜಿನದ್ದು, ಆದರೂ ಅದರ ಪ್ರತಿ ತಗೊಂಡು ಹೋಗಿ ನಾವು ನಮ್ಮ ಮ್ಯಾನೇಜರ್ ಟೇಬಲ್ ಮೇಲೆ ಇಟ್ಟೆವು. ಅವರು ಓದಿದರು, ಏನೂ ಹೇಳಲಿಲ್ಲ. ಮಾರನೇ ದಿನ ಐದು ಜನ ಚೂಡಿದಾರ್‌ನಲ್ಲಿ ಹೋದೆವು. ಮತ್ತೆ ಆ ಮಾತು ಬರಲಿಲ್ಲ.

ಒಬ್ಬರೇ ಹೋಗಬೇಡಿ ಮಿಸ್. ಐದು ಜನ ಒಟ್ಟಿಗೆ ಹೋಗಿ.

ಖಾಕಿ, ಕಲಬುರಗಿ

ನಾನು ಪೊಲೀಸ್ ಕಾನ್‌ಸ್ಟೆಬಲ್. ಮೊದಲು ನಮ್ಮಲ್ಲಿ ತುಂಬಾ ಜನ ಖಾಕಿ ಸೀರೆಯಲ್ಲೇ ಡ್ಯೂಟಿ ಮಾಡುತ್ತಿದ್ದರು. 2018ರ ಅಕ್ಟೋಬರ್‌ನಲ್ಲಿ ಪ್ಯಾಂಟು ಶರ್ಟು ಹಾಕಬೇಕು ಅಂತ ಆದೇಶ ಬಂತು. ಆಗ ಡಿಜಿ, ಅಂದರೆ ರಾಜ್ಯ ಪೊಲೀಸ್ ಮುಖ್ಯಸ್ಥೆ ಆಗಿದ್ದವರು ನೀಲಮಣಿ ರಾಜು ಮೇಡಂ, ರಾಜ್ಯದಲ್ಲಿ ಆ ಹುದ್ದೆಗೆ ಬಂದ ಮೊದಲ ಮಹಿಳೆ. ಹಿರಿಯ ಅಕ್ಕಂದಿರು ಕೆಲವರು ಹಿಂಜರಿದರು. 20 ವರ್ಷ ಸೀರೆಯಲ್ಲಿ ಇದ್ದವರು, ಪ್ಯಾಂಟಿನಲ್ಲಿ ಊರಿನವರ ಎದುರಿಗೆ ಹೋಗಲು ಅವರಿಗೆ ನಾಚಿಕೆ. ಒಬ್ಬ ಅಕ್ಕ ಮೊದಲ ವಾರ ಟವಲ್ ಹೊದ್ದುಕೊಂಡೇ ಸ್ಟೇಷನ್‌ಗೆ ಬಂದರು. ಈಗ ಅದೇ ಅಕ್ಕನಿಗೆ ಸೀರೆಯಲ್ಲಿ ಬಂದೋಬಸ್ತ್ ಮಾಡಿ ಅಂದರೆ ಬೈಯುತ್ತಾರೆ. ಗಲಾಟೆಯಲ್ಲಿ ಓಡಬೇಕಾದಾಗ, ಜೀಪಿನ ಹಿಂದೆ ಹತ್ತಬೇಕಾದಾಗ ಎರಡೂ ಕೈ ಖಾಲಿ ಇರುತ್ತವೆ. ಅದು ಎಷ್ಟು ದೊಡ್ಡ ವಿಷಯ ಅಂತ ಮಾಡಿದವರಿಗೇ ಗೊತ್ತು.

ಆ ಹಿರಿಯ ಅಕ್ಕಂದಿರಿಗೆ ಪ್ಯಾಂಟೂ ಒಂದು ಆದೇಶವೇ ಆಗಿತ್ತು, ಅದನ್ನೂ ಮರೆಯಬಾರದು. ಆದರೆ ಅದು ಕೆಲಸ ನೋಡಿ ಮಾಡಿದ ನಿಯಮ. ನಿಮ್ಮ ಶಾಲೆಯದ್ದು ಯಾವ ಕೆಲಸ ನೋಡಿ ಮಾಡಿದ್ದು ಅಂತ ಕೇಳಿ ನೋಡಿ.

ಆಶಾ ಕಾರ್ಯಕರ್ತೆ, ಮಲೆನಾಡು

ನಮಗೆ ಗುಲಾಬಿ ಸೀರೆ. ನನಗೆ ಅದು ಇಷ್ಟ ಕಣ್ರೀ. ಗುಲಾಬಿ ಸೀರೆ ಕಂಡರೆ ಯಾವ ಮನೆಯ ನಾಯಿ ಬೊಗಳಿದರೂ ಒಳಗಿನಿಂದ ‘ಬಾ ಆಶಕ್ಕ’ ಅನ್ನುತ್ತಾರೆ. ಬೆಂಗಳೂರಿಗೆ ಹೋರಾಟಕ್ಕೆ ಹೋದಾಗ ಇಡೀ ರಸ್ತೆ ಗುಲಾಬಿ ಆಗಿತ್ತು, ಮೈ ಜುಮ್ ಅಂದಿತ್ತು. ಆದರೆ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಹೋಗುವಾಗ ಸೀರೆ ಮೊಣಕಾಲಿನವರೆಗೆ ಒದ್ದೆ. ಇಂಬಳ ನೆರಿಗೆ ಒಳಗೆ ಹತ್ತಿ ಕೂತಿದ್ದು ಗೊತ್ತೇ ಆಗುವುದಿಲ್ಲ, ಬಾಣಂತಿ ಮನೆಯಲ್ಲಿ ಕೂತಾಗ ರಕ್ತ ಇಳಿದಿರುತ್ತದೆ. ಅದೇ ಬಣ್ಣದ ಚೂಡಿದಾರ್ ಕೊಟ್ಟರೆ ಆಗಲ್ವಾ ಅಂತ ಒಂದು ಮೀಟಿಂಗ್‌ನಲ್ಲಿ ಕೇಳಿದ್ದೆ. ಮೇಲೆ ತಿಳಿಸುತ್ತೇವೆ ಅಂದರು.

ಬೆಂಗಳೂರು ಎಚ್.ಆರ್.

ನಮ್ಮ ಐಟಿ ಕಂಪನಿಯಲ್ಲಿ ಉಡುಪಿಗೆ ಬರೆದ ನಿಯಮ ಇಲ್ಲ, ಜೀನ್ಸ್ ಟೀ ಶರ್ಟ್ ನಡೆಯುತ್ತದೆ. ಅದಕ್ಕೆ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡಿ. ನಾನು ರೇಟಿಂಗ್ ಮೀಟಿಂಗ್‌ಗಳಲ್ಲಿ ಕೂತಿದ್ದೇನೆ. ಹೆರಿಗೆ ರಜೆ ಮುಗಿಸಿ ಬಂದ ಹೆಣ್ಣುಮಗಳ ಬಗ್ಗೆ ‘ಮೊದಲಿನ ಹಾಗೆ ಶಾರ್ಪ್ ಆಗಿ ಕಾಣಲ್ಲ, ಕ್ಲೈಂಟ್ ಮುಂದೆ ಬೇಡ’ ಅಂತ ಒಬ್ಬರು ಅಂದಾಗ ಟೇಬಲ್ ಸುತ್ತ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮೂರು ವರ್ಷ ಆಯ್ತು. ಈಗ ಯಾರಾದರೂ ಹಾಗೆ ಅಂದರೆ ‘ಅವರ ಕೋಡ್‌ನಲ್ಲಿ ಏನು ತೊಂದರೆ ಇದೆ ಹೇಳಿ, ಬರೆದುಕೊಳ್ಳುತ್ತೇನೆ’ ಅನ್ನುತ್ತೇನೆ. ಪೆನ್ನು ಹಿಡಿದು ಕೂತರೆ ಹೆಚ್ಚಿನ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ.

ಲಂಡನ್‌ನಿಂದ ಶಿರಸಿಯವಳು

ಇದು ನಮ್ಮೂರಿನ ರೋಗ ಮಾತ್ರ ಅಂದುಕೊಳ್ಳಬೇಡಿ. 2015ರ ಡಿಸೆಂಬರ್‌ನಲ್ಲಿ ಇಲ್ಲೇ ಲಂಡನ್‌ನಲ್ಲಿ ನಿಕೋಲಾ ಥಾರ್ಪ್ ಅನ್ನುವ ರಿಸೆಪ್ಶನಿಸ್ಟ್ ಹೀಲ್ಸ್ ಹಾಕಲ್ಲ ಅಂದಿದ್ದಕ್ಕೆ ಮೊದಲ ದಿನವೇ ಸಂಬಳ ಇಲ್ಲದೆ ವಾಪಸ್ ಕಳಿಸಿದರು. ಅವರ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು, 2017ರಲ್ಲಿ ಸಂಸತ್ತಿನಲ್ಲಿ ಚರ್ಚೆ ಆಯ್ತು. ಹೊಸ ಕಾನೂನು ಬರಲಿಲ್ಲ, ಈಗಿರುವ ಸಮಾನತೆ ಕಾಯ್ದೆಯೇ ಸಾಕು ಅಂತ ಸರ್ಕಾರ ಹೇಳಿತು. ಆದರೆ ಅವರು ಸುಮ್ನೆ ಮನೆಗೆ ಹೋಗಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ವಕೀಲೆ, ಧಾರವಾಡ

ಮಿಸ್, ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ.

ಮೊದಲು ಸುತ್ತೋಲೆಯ ಫೋಟೊ ತೆಗೆದಿಟ್ಟುಕೊಳ್ಳಿ. ಎಲ್ಲರೂ ಸಹಿ ಹಾಕಿ ಒಂದು ಪತ್ರ ಕೊಡಿ, ಸ್ವೀಕೃತಿ ತಗೊಳ್ಳಿ. ಪತ್ರದಲ್ಲಿ ಸಂಸ್ಕೃತಿ ಬಗ್ಗೆ ವಾದ ಬೇಡ, ಅಲ್ಲಿಗೆ ಹೋದರೆ ನೀವು ಸೋಲುತ್ತೀರಿ. ದೂರ, ಸ್ಕೂಟರ್, ಮಳೆ, ಚಿಲಕ ಇಲ್ಲದ ಕೋಣೆ, ಲ್ಯಾಬಿನಲ್ಲಿ ಸೆರಗು ಮತ್ತು ಬರ್ನರ್, ಯೂನಿಫಾರ್ಮ್ ಸೀರೆಯ ಖರ್ಚು. ಇಷ್ಟೇ ಬರೆಯಿರಿ.

ಚೂಡಿದಾರ್ ಶಿಸ್ತಿಲ್ಲ ಅಂದರೆ ಕೋರ್ಟಿನ ಉದಾಹರಣೆ ಕೊಡಿ. ಬಾರ್ ಕೌನ್ಸಿಲ್ ನಿಯಮದಲ್ಲೇ ಮಹಿಳಾ ವಕೀಲರಿಗೆ ಸೀರೆಯ ಜೊತೆ ಸಲ್ವಾರ್ ಕುರ್ತಾಕ್ಕೂ ಅವಕಾಶ ಇದೆ. ನ್ಯಾಯಾಧೀಶರ ಮುಂದೆ ನಡೆಯುವುದು ಎಂಟನೇ ತರಗತಿ ಮುಂದೆ ಯಾಕೆ ನಡೆಯಬಾರದು? ಮಹಾರಾಷ್ಟ್ರ 2024ರಲ್ಲಿ ಶಿಕ್ಷಕರಿಗೆ ಉಡುಪಿನ ನಿಯಮ ತಂದಾಗಲೂ ಸೀರೆ ಅಥವಾ ಸಲ್ವಾರ್, ಚೂಡಿದಾರ್ ಅಂತ ಆಯ್ಕೆ ಇಟ್ಟಿದೆ.

ಕೋರ್ಟಿಗೆ ಹೋದರೆ ಎಲ್ಲಾ ಸರಿ ಆಗುತ್ತದೆ ಅಂತ ನಾನು ಹೇಳುವುದಿಲ್ಲ. 1981ರಲ್ಲಿ ಏರ್ ಇಂಡಿಯಾದ ಗಗನಸಖಿಯರ ಪ್ರಕರಣ, ನರ್ಗೇಶ್ ಮಿರ್ಜಾ ಕೇಸು, ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯ್ತು. ಮೊದಲ ಬಸಿರಿಗೇ ಕೆಲಸ ಹೋಗುವ ನಿಯಮವನ್ನು ಕೋರ್ಟು ತೆಗೆದುಹಾಕಿತು. ಆದರೆ ಸೇರಿ 4 ವರ್ಷದೊಳಗೆ ಮದುವೆ ಆದರೆ ಕೆಲಸ ಇಲ್ಲ ಅನ್ನುವುದನ್ನು ಉಳಿಸಿತು. ಕಾನೂನು ಓದುವಾಗ ಆ ತೀರ್ಪು ಓದಿ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಇನ್ನು ಬಟ್ಟೆ ನೋಡುವ ನೆಪದಲ್ಲಿ ಯಾರಾದರೂ ಮೈ ಬಗ್ಗೆ ಲೈಂಗಿಕ ಧಾಟಿಯ ಮಾತಾಡಿದರೆ ಅದು ಬೇರೆಯೇ ವಿಷಯ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಶಾಲೆಯೂ ಸೇರಿ. ಮುಖ್ಯಸ್ಥೆ ಮಹಿಳೆ, ಹೊರಗಿನ ಸದಸ್ಯರೊಬ್ಬರು ಇರಬೇಕು. ದೂರು 3 ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ‘ಮುಖ ತೊಳೆದು ಬನ್ನಿ’ ಅನ್ನುವುದು ಇದರಲ್ಲಿ ಬರುವುದು ಕಷ್ಟ. ಆದರೆ ಮಕ್ಕಳ ಎದುರಿಗೆ ಅವಮಾನ ಆಯ್ತು ಅಂತ ದಿನಾಂಕ ಹಾಕಿ ಪತ್ರದಲ್ಲಿ ಸೇರಿಸಿ.

ವಿಜ್ಞಾನದ ಮಿಸ್, ದಾವಣಗೆರೆ ಕಡೆ

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ, ಕಾಸರಗೋಡಿನ ಟೀಚರ್‌ಗೆ ಜಾಸ್ತಿ.

ಪತ್ರಕ್ಕೆ 9 ಜನ ಸಹಿ ಹಾಕಿದೆವು. ಮೂವರು ಹೆದರಿ ಹಾಕಲಿಲ್ಲ, ಅವರ ಮೇಲೆ ನನಗೆ ಬೇಜಾರಿಲ್ಲ, ಅವರ ಮನೆ ಪರಿಸ್ಥಿತಿ ನನಗೆ ಗೊತ್ತು. ಹಾಸನದ ಮೇಷ್ಟ್ರು ಬರೆದ ಲೆಕ್ಕವನ್ನು ನಮ್ಮ ಶಾಲೆಯ ಪಿ.ಟಿ. ಮಾಸ್ತರಿಗೆ ತೋರಿಸಿದೆ. ಅವರು ಓದಿ ಏನೂ ಮಾತಾಡದೆ ಹತ್ತನೇ ಸಹಿ ಹಾಕಿದರು.

ಸಭೆ ಒಂದೂವರೆ ಗಂಟೆ ನಡೆಯಿತು. ‘ಪೋಷಕರು ಏನಂದುಕೊಳ್ಳುತ್ತಾರೆ’ ಅಂತ ನಾಲ್ಕು ಸಲ ಕೇಳಿದರು. ಖಾಕಿ ಅಕ್ಕ ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳಿದೆ, ಈ ನಿಯಮ ಯಾವ ಕೆಲಸ ನೋಡಿ ಮಾಡಿದ್ದು ಸರ್ ಅಂತ. ಉತ್ತರ ಬರಲಿಲ್ಲ. ನಮ್ಮ ಸಮಾಜದ ಮಿಸ್, ಅಟೆಂಡರ್ ಬಾಗಿಲು ತಳ್ಳಿದ ದಿನ ಮಾತು ಬಿಟ್ಟಿದ್ದರಲ್ಲ, ಅವರೇ ಎದ್ದು ನಿಂತು ಆ ದಿನದ ವಿಷಯ ಹೇಳಿದರು. ಅವರು ಹೇಳುತ್ತಾರೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಂಡಳಿಯಲ್ಲಿ ಇಬ್ಬರು ಹೆಂಗಸರು ಇದ್ದಾರೆ, ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಅವರು ಮಾತಾಡಿದರು.

ಈಗ ಮಂಗಳವಾರ, ಗುರುವಾರ, ಶನಿವಾರ ಚೂಡಿದಾರ್. ದುಪಟ್ಟಾ ಪಿನ್ ಹಾಕಿರಬೇಕು. ಉಳಿದ ಮೂರು ದಿನ ಸೀರೆಯೇ. ಮುಖದ ಲವಲವಿಕೆಯ ಅಂಶ ತೆಗೆದಿದ್ದಾರೆ. ಸ್ಟೋರ್ ರೂಮಿಗೆ ಚಿಲಕ ಹಾಕಿಸಿ, ಗೋಡೆಗೆ ಒಂದು ಕನ್ನಡಿ ತಗುಲಿಸಿದ್ದಾರೆ, ನೆಲಕ್ಕೆ ಒಂದು ಹಳೇ ಜಮಖಾನ. ಗಂಡಸರ ಸಾಲು ಹಾಗೇ ಇದೆ.

ಪ್ರಾರ್ಥನೆಯಲ್ಲಿ ಮಾತಾಡಿದವರು ಕ್ಷಮೆ ಕೇಳಲಿಲ್ಲ. ಆದರೆ ಎಂಟನೇ ತರಗತಿಯ ಒಬ್ಬ ಹುಡುಗಿ ನಿನ್ನೆ ಲ್ಯಾಬಿನಲ್ಲಿ ಹತ್ತಿರ ಬಂದು ‘ಮಿಸ್, ಅವತ್ತು ನಿಮ್ಮ ಪಾಪುಗೆ ಹುಷಾರಿರಲಿಲ್ವಂತೆ, ಈಗ ಹೇಗಿದೆ?’ ಅಂದಳು.

ವಕೀಲೆ ಮೇಡಂ, ಒಂದು ಬಾಕಿ ಇದೆ. ಬುಧವಾರದ ಯೂನಿಫಾರ್ಮ್ ಸೀರೆಯ 1,150 ರೂಪಾಯಿಯನ್ನು ಹೋದ ತಿಂಗಳ ಸಂಬಳದಲ್ಲಿ ಹಿಡಿದಿದ್ದಾರೆ. ಪೇ ಸ್ಲಿಪ್‌ನಲ್ಲಿ ‘ಇತರೆ’ ಅಂತ ಮಾತ್ರ ಇದೆ. 12 ಜನರದ್ದೂ ಹಾಗೇ. ಈ ಸಲ ಆ ಮೂವರೂ ಸಹಿ ಹಾಕುತ್ತೇವೆ ಅಂದಿದ್ದಾರೆ. ಪತ್ರ ಹೇಗೆ ಬರೆಯಬೇಕು, ಸ್ವಲ್ಪ ತಿಳಿಸಿ.